ಅಕ್ಕನ ಕಣ್ಣಿಗೆ ಎರಡು ಕ್ಯಾಮೆರಾ

ನಮ್ಮ ಮನೆಯಲ್ಲಿ ಎರಡು ಕ್ಯಾಮೆರಾ ಇವೆ. ಒಂದು ಹಳೆಯದು, ಅಂಗೈಯಗಲ, ಹಿಡಿದು ಹಿಡಿದು ಮೂಲೆಯ ಕರಿಬಣ್ಣವೆಲ್ಲ ಸವೆದಿದೆ. ಇನ್ನೊಂದು ಹೊಸದು, ಭಾರ, ಮೈತುಂಬ ಗುಂಡಿ. ಎರಡೂ ನನ್ನ ಮಗಳ ಮಗಳವು. ಅವಳು ಚಿತ್ರದುರ್ಗದಲ್ಲಿ ನನ್ನ ಜೊತೆಗಿದ್ದು ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆಯುತ್ತಾಳೆ. ಅವಳ ಸ್ನೇಹಿತೆಯರು ಬಂದಾಗ ತಮಾಷೆಗೆ ನನ್ನನ್ನು ಕೇಳುತ್ತಾರೆ, ಎರಡರಲ್ಲಿ ಯಾವುದಜ್ಜಿ ಒಳ್ಳೇದು ಎಂದು. ನಾನು ತಮಾಷೆಗೆ ಉತ್ತರ ಕೊಡುವುದಿಲ್ಲ. ಹೊಸದು ಒಳ್ಳೆಯದು. ಎಲ್ಲದರಲ್ಲೂ ಒಳ್ಳೆಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುದುಕಿ ಹಳೆಯದನ್ನು ಹೊಗಳುವುದಕ್ಕೆ ಕೂತಿದ್ದಾಳೆ ಎಂದು ಯಾರೂ ತಿಳಿಯಬಾರದು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಈ ಎರಡರ ವಿಷಯ ನನಗೆ ಗೊತ್ತು, ಯಾಕೆಂದರೆ ಎಂಟು ವರ್ಷ ಆ ಹಳೆಯದರ ಚೀಲ ಹೊತ್ತವಳು ನಾನು. ಎರಡನ್ನೂ ಮಿರರ್‌ಲೆಸ್ ಅನ್ನುತ್ತಾರೆ. ಇದಕ್ಕೂ ಮುಂಚಿನ ದೊಡ್ಡ ಕ್ಯಾಮೆರಾಗಳ ಹೊಟ್ಟೆಯೊಳಗೆ ಒಂದು ಕನ್ನಡಿ ಇರುತ್ತಿತ್ತಂತೆ, ಇವುಗಳಲ್ಲಿ ಇಲ್ಲವಂತೆ. ಇಲ್ಲದ್ದನ್ನೇ ಹೆಸರು ಮಾಡಿಕೊಂಡಿವೆ.

ಹಳೆಯದನ್ನು ಅವಳು ಕಾಲೇಜಿನಲ್ಲಿದ್ದಾಗ ಯಾರೋ ಬಳಸಿಬಿಟ್ಟದ್ದನ್ನು ತಂದಳು. ಕಲಿಯುವವರು ಮೊದಲು ಕೊಳ್ಳುವಂಥದ್ದು. ಹೆಣ್ಣುಮಗು ಒಬ್ಬಳೇ ಛತ್ರ ಛತ್ರ ತಿರುಗುವುದೇ ಎಂದು ಅಳಿಯ ತಕರಾರು ತೆಗೆದ. ನಾನು ಜೊತೆಗೆ ಹೋಗ್ತೀನಿ ಬಿಡಪ್ಪ ಅಂದೆ. ನನಗೂ ಮನೆಯಲ್ಲಿ ಕೂತು ಕೂತು ಸಾಕಾಗಿತ್ತು. ಅಲ್ಲದೆ ಮದುವೆ ಮನೆಯ ಊಟ ಬೇಡ ಅನ್ನುವಷ್ಟು ವೈರಾಗ್ಯ ನನಗೆ ಬಂದಿಲ್ಲ.

ಆ ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡುವ ಕಿಂಡಿ ಇರಲಿಲ್ಲ. ಬೆನ್ನ ಮೇಲೊಂದು ಪರದೆ, ಅಷ್ಟೇ. ನೆರಳಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಹೊಳಲ್ಕೆರೆಯಲ್ಲಿ ನಮ್ಮ ಮೊದಲನೇ ಮದುವೆ, ಮನೆ ಮುಂದಿನ ಬಯಲಿನಲ್ಲಿ, ಮಧ್ಯಾಹ್ನದ ಮುಹೂರ್ತ. ಬಿಸಿಲಿಗೆ ಆ ಪರದೆ ರೊಟ್ಟಿ ಹೆಂಚಿನ ಹಾಗೆ ಕಪ್ಪಾಗಿಬಿಟ್ಟಿತು. ಹುಡುಗಿ ಅಳುವುದೊಂದು ಬಾಕಿ. "ಅಜ್ಜಿ, ಏನೂ ಕಾಣ್ತಿಲ್ಲ!" ಅಂದಳು. ನಾನು ನನ್ನ ಸೆರಗು ಬಿಚ್ಚಿ ಅವಳ ತಲೆಯ ಮೇಲೂ ಕ್ಯಾಮೆರಾದ ಮೇಲೂ ಹೊದಿಸಿ ಎರಡು ಕೈಯಲ್ಲಿ ಹಿಡಿದು ನಿಂತೆ. ಒಳಗೆ ಕತ್ತಲಾಯಿತು, ಪರದೆ ಕಂಡಿತು. ಪಕ್ಕದಲ್ಲಿದ್ದ ಹೆಂಗಸು ಸುಮ್ಮನಿರಬೇಕಲ್ಲ.

"ಏನಜ್ಜಿ, ಮೊಮ್ಮಗಳಿಗೂ ಮುಸುಕು ಹಾಕೀರಾ? ಈಕೆದೂ ಇವತ್ತೇ ಮದುವೇನಾ?"

"ಹ್ಞೂಂ ಕಣವ್ವ, ಕ್ಯಾಮೆರಾ ಜೊತೆ. ನೀನೂ ನಾಲ್ಕು ಅಕ್ಷತೆ ಹಾಕಿ ಹೋಗು" ಅಂದೆ.

ಅವತ್ತಿನಿಂದ ನನ್ನ ಸೆರಗು ಆ ಕ್ಯಾಮೆರಾದ ಒಂದು ಭಾಗವಾಯಿತು. ಮದುವೆಗೆ ಹೋಗುವಾಗ ಜರಿ ಸೀರೆ ಉಡುವುದನ್ನು ಬಿಟ್ಟೆ, ಜರಿ ಮಿಂಚು ಪರದೆಯ ಮೇಲೆ ಬೀಳುತ್ತದೆ ಎಂದು. ದಪ್ಪ ಇಳಕಲ್ ಸೀರೆಯೇ ಸರಿ ಎಂದು ಗೊತ್ತಾಯಿತು.

ಆಮೇಲೆ ಬ್ಯಾಟರಿ. ಅದರ ಬ್ಯಾಟರಿ ಒಂದು ತಾಳಿ ಕಟ್ಟುವಷ್ಟರಲ್ಲಿ ಉಸಿರು ಬಿಡುತ್ತಿತ್ತು. ನಾಲ್ಕು ಬ್ಯಾಟರಿ ನನ್ನ ಎಲೆಅಡಿಕೆ ಸಂಚಿಯಲ್ಲಿರುತ್ತಿದ್ದವು. ತುಂಬಿದವು ಎಲೆಯ ಮನೆಯಲ್ಲಿ, ಖಾಲಿಯಾದವು ಅಡಿಕೆಯ ಮನೆಯಲ್ಲಿ. ಹೊಸದುರ್ಗದ ಒಂದು ನಾಮಕರಣದಲ್ಲಿ ಮಾತಿನ ಭರದಲ್ಲಿ ಖಾಲಿಯಾದದ್ದನ್ನೇ ಎತ್ತಿಕೊಟ್ಟೆ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಕಣ್ಣು ಮುಚ್ಚಿತು. ನಾನೇ ಹೋಗಿ, ಇನ್ನೊಂದ್ಸಲ ಹೇಳವ್ವ ಅಂದೆ.

"ಒಂದ್ಸಲ ಇಟ್ಟ ಹೆಸರು ಮತ್ತೆ ಇಡ್ತಾರೇನ್ರಿ?" ಎಂದು ಆ ಅತ್ತೆ ಕಣ್ಣು ಕೆಂಪಗೆ ಮಾಡಿದಳು.

"ಮಗು ಮಲಗಿತ್ತು, ಮೊದಲನೇ ಸಲ ಕೇಳಿಸಿರಲ್ಲ. ಹೇಳು" ಅಂದೆ. ಹೇಳಿದಳು.

ದೀಪದ ಬೆಳಕಿನಲ್ಲಿ ಆ ಕ್ಯಾಮೆರಾ ಪರದಾಡುತ್ತಿತ್ತು. ಮುಖ ಎಲ್ಲಿದೆ ಎಂದು ಹುಡುಕಿಕೊಂಡು ಮುಂದೆ ಹೋಗುವುದು, ಹಿಂದೆ ಬರುವುದು, ಅಷ್ಟರಲ್ಲಿ ಆರತಿಯೇ ಮುಗಿದಿರುತ್ತಿತ್ತು. ಬಂದ ಚಿತ್ರವಾದರೂ ಜರಡಿ ಹಿಡಿಯದ ರಾಗಿ ಹಿಟ್ಟಿನ ಹಾಗೆ ತರಿತರಿ. ಮೇಲೆ ಅದರ ಸದ್ದು. ಗುಂಡಿ ಒತ್ತಿದರೆ ಟಕ್! ಲೋಟದ ಮೇಲೆ ಬೆರಳಿನಿಂದ ಹೊಡೆದಂತೆ. ನನಗೆ ಆ ಸದ್ದು ಇಷ್ಟ. ತೊಂದರೆಯಾದದ್ದು ನನ್ನ ಅಕ್ಕನಿಗೆ. ಈಗ ಆ ಕಥೆಗೆ ಬರುತ್ತೇನೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹಿರಿಯೂರು ಕಡೆ ಯಲ್ಲದಕೆರೆಯಲ್ಲಿ ಮಗ ಸೊಸೆ ಜೊತೆಗಿದ್ದಾಳೆ. ನಮ್ಮವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅವಳಿಗೆ ಹತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ಮೈಗೆ ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಹೂವಿನ ನಡುವೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಆ ಕಾಲದಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರು ಎಷ್ಟು ಮಂದಿ? ಹಾಗೆ ಕೂರಿಸಿದಾಗ ತೆಗೆದದ್ದೇ ಮೊದಲನೆಯದು, ಅದೇ ಕೊನೆಯದು. ಹಿರಿಯೂರಿನಿಂದ ಸೈಕಲ್ಲಿನಲ್ಲಿ ಒಬ್ಬ ಫೋಟೋದವನು ಬರುತ್ತಿದ್ದ. ಕಣ್ಣು ಮುಚ್ಚಿದ ಫೋಟೋವನ್ನು ಗೋಡೆಗೆ ಹಾಕಬಾರದು ಎಂದು ಜನ ಅನ್ನುತ್ತಿದ್ದರಿಂದ ಅವನೇ ಅಂಗಡಿಯಲ್ಲಿ ಕೂತು, ಸಣ್ಣ ಕುಂಚದಲ್ಲಿ, ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದುಕೊಡುತ್ತಿದ್ದ. ಪಾಪ, ಅವನಿಗೆ ಬರುತ್ತಿದ್ದದ್ದು ಒಂದೇ ಥರದ ಕಣ್ಣು. ಉದ್ದಕ್ಕೆ, ದೊಡ್ಡದಾಗಿ, ದೇವಿಯ ಮುಖವಾಡದ ಕಣ್ಣಿನ ಹಾಗೆ. ಸುತ್ತಲಿನ ಊರುಗಳಲ್ಲಿ ಆಗ ಸತ್ತವರಿಗೆಲ್ಲ, ಗಂಡಸರಿಗೂ ಹೆಂಗಸರಿಗೂ, ಅದೇ ಕಣ್ಣು.

ಅವ್ವನ ಫೋಟೋ ತೆಗೆದ ದಿನ ಹಿಂದೆ ಬಿಳಿ ಪಂಚೆ ಹಿಡಿದು ನಿಂತವಳು ಅಕ್ಕ. ಅವನ ದೀಪದ ಬುರುಡೆ ಢಬ್ಬೆಂದು ಹೊತ್ತಿಕೊಂಡಾಗ ಅವಳು ಕಿರುಚಿ ಕಣ್ಣು ಮುಚ್ಚಿಕೊಂಡಳಂತೆ. ಅಲ್ಲಿಂದ ಈಚೆಗೆ ಅವಳ ಮುಂದೆ ಕ್ಯಾಮೆರಾ ಹಿಡಿದು ಏನು ಸದ್ದು ಮಾಡಿದರೂ ರೆಪ್ಪೆ ತಾನಾಗಿಯೇ ಬೀಳುತ್ತದೆ. ಅವಳ ಮದುವೆ ಫೋಟೋದಲ್ಲಿ ನಿದ್ದೆ ಮಾಡುತ್ತಿದ್ದಾಳೆ. ಮಗನ ಮದುವೆಯಲ್ಲೂ ನಿದ್ದೆ. ಆಧಾರ್ ಕಾರ್ಡಿನವರು ಮಾತ್ರ ಹೇಗೋ ತೆಗೆದಿದ್ದಾರೆ, ಆದರೆ ಅದರಲ್ಲಿ ಅವಳೋ ನಾನೋ ದನದ ಡಾಕ್ಟರೋ ಗೊತ್ತಾಗುವುದಿಲ್ಲ.

ಅವ್ವನ ಮುಖ ನನಗೆ ನೆನಪಿಲ್ಲ. ಸಣ್ಣವಳಿದ್ದಾಗ ಆ ಬರೆದ ಕಣ್ಣು ನೋಡಿ ಹೆದರಿ ಅಳುತ್ತಿದ್ದೆ. ಆಗ ಅಕ್ಕ ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಹೇಳುತ್ತಿದ್ದಳು, "ಅದು ಅವ್ವನ ಕಣ್ಣಲ್ಲ ಕಣೇ. ಅವ್ವಂದು ನನ್ ಕಣ್ಣು ಇದ್ದಂಗೇ ಇದ್ವು. ಇಲ್ನೋಡು, ಇಲ್ನೋಡು." ನಾನು ನೋಡುತ್ತಿದ್ದೆ. ಸ್ವಲ್ಪ ಒಳಗೆ ಹೋದ, ಸಣ್ಣ, ಜೇನಿನ ಬಣ್ಣದ ಕಣ್ಣು. ಅವ್ವ ಎಂದರೆ ನನಗೆ ಅಷ್ಟೇ, ಅಕ್ಕನ ಕಣ್ಣು. ಅಪ್ಪನ ಮನೆ ಪಾಲಾದಾಗ ಆ ಫೋಟೋ ಯಾರಿಗೂ ಬೇಕಾಗಿರಲಿಲ್ಲ. ನಾನು ತಂದು ದುರ್ಗದ ಮನೆಯಲ್ಲಿ ಹಾಕಿದೆ. ಅಂದಿನಿಂದ ನನಗೊಂದು ಆಸೆ, ಅದರ ಪಕ್ಕದಲ್ಲಿ ಕಣ್ಣು ಬಿಟ್ಟ ಅಕ್ಕನ ಫೋಟೋ ಹಾಕಬೇಕು ಎಂದು.

ಹಳೆಯ ಕ್ಯಾಮೆರಾ ಬಂದ ವರ್ಷವೇ ಮೊಮ್ಮಗಳನ್ನು ಯಲ್ಲದಕೆರೆಗೆ ಕರೆದುಕೊಂಡು ಹೋದೆ. ಅಂಗಳದಲ್ಲಿ ಅಕ್ಕನನ್ನು ಕೂರಿಸಿ ನಾನು ಸೆರಗು ಹಿಡಿದೆ, ಮೊಮ್ಮಗಳು ಅದರೊಳಗೆ ನುಗ್ಗಿದಳು. ಅಕ್ಕನಿಗೆ ನಗು.

"ಇದೇನೇ, ಕರ ಹಾಕೋ ಎಮ್ಮೆ ಹಿಂದೆ ನಿಂತಂಗೆ ನಿಂತಿದೀರ!"

ಕಣ್ಣು ಪೂರಾ ಬಿಟ್ಟು ನಕ್ಕಳು. ಆ ಕ್ಯಾಮೆರಾ ಮುಖ ಹುಡುಕುತ್ತಾ ಮುಂದೆ ಹಿಂದೆ ಆಡುತ್ತಿತ್ತು. ಅದು ಟಕ್ ಅನ್ನುವುದಕ್ಕೂ ಅವಳ ರೆಪ್ಪೆ ಬೀಳುವುದಕ್ಕೂ ಸರಿಹೋಯಿತು. ಇನ್ನೊಂದು, ಮತ್ತೊಂದು. ಮಧ್ಯಾಹ್ನವೆಲ್ಲ ತೆಗೆದರೂ ಬಂದದ್ದು ಮುಚ್ಚಿದ ಕಣ್ಣು, ಇಲ್ಲವೇ ಮಸುಕು ಮುಖ.

"ಹೋಗ್ಲಿ ಬಿಡೇ" ಅಂದಳು ಅಕ್ಕ. "ಸತ್ತ ಮ್ಯಾಲೆ ಬಂದು ತೆಗೀರಿ. ಆಗ ಮಿಸುಕಾಡಲ್ಲ."

"ಆಗ ಕಣ್ಣು ಯಾರು ಬರೀತಾರೆ? ಆ ಸೈಕಲ್ಲಿನೋನೂ ಸತ್ತ" ಅಂದೆ.

ಮತ್ತೆ ಬರೋಣ ಎಂದುಕೊಂಡು ಬಂದೆವು. ಅಲ್ಲಿಂದ ಈಚೆಗೆ ವಾರ ವಾರ ಯಾರ ಯಾರದೋ ಕಣ್ಣಿನ ಫೋಟೋ ತೆಗೆದೆವು. ಅಕ್ಕನದು ಹಾಗೇ ಉಳಿಯಿತು. ತಪ್ಪು ನನ್ನದೇ, ಕ್ಯಾಮೆರಾದ್ದಲ್ಲ.

ಎರಡು ವರ್ಷದ ಹಿಂದೆ ಹುಣಸೆಹಣ್ಣು ಬಡಿಯುವಾಗ ಒಂದು ಕಡ್ಡಿ ಹಾರಿ ಅವಳ ಎಡಗಣ್ಣಿಗೆ ಬಿತ್ತು. ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡು, ಇವತ್ತು ಹೋಗುತ್ತೆ ನಾಳೆ ಹೋಗುತ್ತೆ ಎಂದು ಕೂತಳು. ಹೋದದ್ದು ನೋವಲ್ಲ, ಕಣ್ಣು. ಬೆಂದ ಮೊಟ್ಟೆಯ ಹಾಗೆ ಬೆಳ್ಳಗಾಯಿತು. ಈ ವರ್ಷ ಬಲಗಣ್ಣಿಗೆ ಪೊರೆ ಬಂತು. ಹಿರಿಯೂರಿನ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು. ಪೊರೆ ತೆಗೆಸುವುದು ಈಗ ಹಲ್ಲು ಕೀಳಿಸಿದಷ್ಟೇ ಎಂದು ಎಲ್ಲರೂ ಹೇಳಿದರು. ಅಕ್ಕನಿಗೆ ನಂಬಿಕೆಯಿಲ್ಲ. ಫೋನಿನಲ್ಲಿ ಹೇಳಿದಳು, "ಒಂದು ಕಣ್ಣು ಮದ್ದು ಹಾಕಿ ಕಳ್ಕಂಡೆ. ಇನ್ನೊಂದು ಕುಯ್ಸಿ ಕಳ್ಕಂತೀನಿ ಅಷ್ಟೇ."

ಥೂ, ಹಾಗೆನ್ನಬೇಡ ಎಂದು ಬೈದೆ. ಆದರೆ ಫೋನ್ ಇಟ್ಟ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ. ಅದೂ ಬೆಳ್ಳಗಾದರೆ ಅವ್ವನ ಕಣ್ಣನ್ನು ನಾನು ಇನ್ನೆಲ್ಲಿ ನೋಡಲಿ?

ಆ ಹೊತ್ತಿಗೆ ಹೊಸ ಕ್ಯಾಮೆರಾ ಬಂದಿತ್ತು. ಅಂಗಡಿಯವನು ಹಳೆಯದನ್ನು ಕೊಟ್ಟುಬಿಡಿ ಎಂದ. ನಾನು ಕೊಡಲು ಬಿಡಲಿಲ್ಲ, ಚೀಲದ ತಳದಲ್ಲಿರಲಿ ಅಂದೆ. ಹೊಸದರ ಪ್ರತಾಪ ಮೊದಲ ದಿನವೇ ಗೊತ್ತಾಯಿತು. ಅದಕ್ಕೆ ಕಣ್ಣಿಡುವ ಕಿಂಡಿ ಇದೆ, ಎಂಥ ಬಿಸಿಲಿಗೂ ಹೆದರುವುದಿಲ್ಲ. ಕತ್ತಲೆಯಲ್ಲೂ ಚಿತ್ರ ಜರಡಿ ಹಿಡಿದ ಹಿಟ್ಟಿನ ಹಾಗೆ ನುಣ್ಣಗೆ. ಮನುಷ್ಯರನ್ನು ಕಂಡರೆ ಸಾಕು, ಅವರ ಕಣ್ಣಿನ ಮೇಲೆ ತಾನಾಗಿಯೇ ಒಂದು ಸಣ್ಣ ಚೌಕ ಹೋಗಿ ಕೂರುತ್ತದೆ, ನೊಣದ ಹಾಗೆ. ಅವರು ಅಲುಗಾಡಿದರೆ ಅದೂ ಅಲುಗಾಡುತ್ತದೆ. ಸದ್ದಂತೂ ಇಲ್ಲವೇ ಇಲ್ಲ.

"ತೆಗಿಯೇ ಮತ್ತೆ" ಅಂದೆ, ಮನೆಯಲ್ಲಿ ನನ್ನ ಮುಂದೆ ಹಿಡಿದು ನಿಂತಿದ್ದಾಗ.

"ತೆಗೆದು ಆಯ್ತಜ್ಜಿ. ಇಪ್ಪತ್ತು."

ಇಪ್ಪತ್ತರಲ್ಲೂ ನಾನು ಬಾಯಿ ತೆರೆದುಕೊಂಡು ಕಾಯುತ್ತಿದ್ದೆ.

ಒಂದು ಬ್ಯಾಟರಿ ದಿನವೆಲ್ಲ ಬರುತ್ತದೆ. ನನ್ನ ಸಂಚಿಯಲ್ಲಿ ಮತ್ತೆ ಬರೀ ಎಲೆ, ಅಡಿಕೆ. ಭೀಮಸಮುದ್ರದ ಮದುವೆಯಲ್ಲಿ ಅಭ್ಯಾಸದಿಂದ ಸೆರಗು ಬಿಚ್ಚಿಕೊಂಡು ಅವಳ ಹಿಂದೆ ಹೋದರೆ, "ಅಜ್ಜಿ, ಅಡ್ಡ ಬರ್ತೀಯ, ಅಲ್ಲಿ ಕುಂತ್ಕ" ಅಂದಳು. ಕೂತೆ. ಮೊದಲನೇ ಪಂಕ್ತಿಗೇ ಊಟ ಸಿಕ್ಕಿತು. ನೊಗ ಬಿಚ್ಚಿದ ಎತ್ತಿಗೆ ಹುಲ್ಲಿಗೇನು ಕಡಿಮೆ? ಆದರೂ ಹೋಳಿಗೆ ರುಚಿಸಲಿಲ್ಲ. ಸುಳ್ಳು ಯಾಕೆ ಹೇಳಲಿ.

ಆಪರೇಷನ್ನಿಗೆ ಒಂದು ವಾರ ಇರುವಾಗ ಇಬ್ಬರೂ ಯಲ್ಲದಕೆರೆಗೆ ಹೋದೆವು. ಅಕ್ಕ ಜಗುಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು.

"ಬರ್ರವ್ವ, ಕುಂತ್ಕಳ್ರಿ. ಯಾರು, ತಂಗೀನಾ? ಮಬ್ಬುಮಬ್ಬಾಗಿ ಕಾಣ್ತೀಯ. ಹಂಗೇ ಚೆನ್ನಾಗಿದೀಯ ಬಿಡು."

ನಾನು ದಾರಿಯಲ್ಲೇ ಒಂದು ಉಪಾಯ ಮಾಡಿದ್ದೆ. ಸದ್ದಿಗೆ ತಾನೇ ಅವಳು ಕಣ್ಣು ಮುಚ್ಚುವುದು? ಇದಕ್ಕೆ ಸದ್ದಿಲ್ಲ. ಅವಳ ಕಣ್ಣೂ ಮಬ್ಬು. ಹೇಳದೆ ತೆಗೆದುಬಿಟ್ಟರೆ ಆಯಿತು. ಮೊಮ್ಮಗಳ ಕಿವಿಯಲ್ಲಿ ಹೇಳಿದೆ.

"ಕೇಳ್ದೆ ತೆಗೀಬಾರದಜ್ಜಿ" ಅಂದಳು.

"ಛತ್ರದಾಗೆ ಉಣ್ಣೋರನ್ನೆಲ್ಲ ಕೇಳಿ ತೆಗೀತೀಯಾ? ಸುಮ್ನೆ ತೆಗಿ."

ತೆಗೆದಳು. ನಾನು ಅಕ್ಕನನ್ನು ಮಾತಿಗೆ ಎಳೆದೆ, ಸೊಸೆಯ ಮೇಲೆ ನಾಲ್ಕು ಚಾಡಿ ಕೇಳಿಸಿಕೊಂಡೆ. ಐದು ನಿಮಿಷದಲ್ಲಿ ಮೊಮ್ಮಗಳು ಬಂದು ಪರದೆ ತೋರಿಸಿದಳು. ಅಕ್ಕ ಹುಣಸೆ ಕುಟ್ಟುವ ಗುಂಡು ಎತ್ತಿ ಹಿಡಿದು ನನ್ನ ಕಡೆ ನೋಡುತ್ತಿದ್ದಾಳೆ. ಬಲಗಣ್ಣು ಬಿಟ್ಟಿದೆ. ಪೊರೆ ಸ್ವಲ್ಪ ಇದ್ದರೂ ಜೇನಿನ ಬಣ್ಣ ಹಾಗೇ ಇದೆ. ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದು.

ನಾನು ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಆಗಿತ್ತು. ಗುಟ್ಟು ನನ್ನ ಹೊಟ್ಟೆಯಲ್ಲಿ ಯಾವತ್ತೂ ನಿಂತಿಲ್ಲ. ಕ್ಯಾಮೆರಾ ತೆಗೆದುಕೊಂಡು ಹೋಗಿ ಅವಳ ಮುಖಕ್ಕೆ ಹಿಡಿದೆ.

"ನೋಡೇ ಅಕ್ಕ, ಕೊನೆಗೂ ಸಿಕ್ಕಿಬಿದ್ದೆ!"

ಅವಳು ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ನಗುತ್ತಾಳೆ ಎಂದುಕೊಂಡಿದ್ದೆ.

"ಯಾವಾಗ ತೆಗೆದ್ರಿ?"

"ಈಗಲೇ."

"ಸದ್ದೇ ಬರ್ಲಿಲ್ಲ."

"ಬರಲ್ಲ ಕಣಕ್ಕ. ಹೊಸದು."

"ಕೇಳ್ದಂಗೆ ತೆಗೆದ್ರಾ?"

ಅವಳು ಕ್ಯಾಮೆರಾವನ್ನು ನನ್ನ ಮಡಿಲಿಗಿಟ್ಟು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ತಲೆಯೆತ್ತದೆ ಹೇಳಿದಳು, "ಅವ್ವನ್ನೂ ಹಿಂಗೇ ಕೇಳ್ದಂಗೆ ತೆಗೆದ್ರು. ಕಣ್ಣೂ ಕೇಳ್ದಂಗೇ ಬರೆದ್ರು. ಅವಳು ಸತ್ತಿದ್ಲು, ಬ್ಯಾಡ ಅನ್ನಾಕಾಗ್ಲಿಲ್ಲ. ನಾನಿನ್ನೂ ಬದುಕಿದೀನಲ್ಲೇ."

ಮೊಮ್ಮಗಳಿಗೆ, ಅಳಿಸು ಅಂದೆ.

"ಅಜ್ಜಿ, ಇಷ್ಟು ಚೆನ್ನಾಗಿ ಬಂದೈತೆ..."

"ಅಳಿಸೇ."

ಅವಳು ಅಕ್ಕನ ಪಕ್ಕದಲ್ಲಿ ಕೂತು ಒಂದೊಂದನ್ನೇ ತೋರಿಸಿ ಅಳಿಸಿದಳು. ಅಕ್ಕ ಪ್ರತಿಯೊಂದಕ್ಕೂ ಹ್ಞೂಂ ಅನ್ನುತ್ತಿದ್ದಳು. ಹಳೆಯದಾಗಿದ್ದರೆ ಕದಿಯಲು ಆಗುತ್ತಲೇ ಇರಲಿಲ್ಲ. ಅದು ಕಳ್ಳನ ಕಾಲಿಗೆ ಕಟ್ಟಿದ ಗೆಜ್ಜೆಯಿದ್ದ ಹಾಗೆ, ಟಕ್ ಎಂದು ತಾನೇ ಹೇಳಿಬಿಡುತ್ತಿತ್ತು.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಕೈ ತೊಳೆದ ಮೇಲೆ ಅಕ್ಕ ಒಳಗೆ ಹೋದಳು. ಮಲಗಿರಬೇಕು, ನಾವು ಬಸ್ಸಿಗೆ ಹೊರಡೋಣ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಮುಖ ತೊಳೆದು, ವಿಭೂತಿ ಇಟ್ಟು, ಮಗನ ಮದುವೆಯ ಹಸಿರು ಸೀರೆ ಉಟ್ಟಿದ್ದಳು. ಅಂಗಳದ ಕಲ್ಲಿನ ಮೇಲೆ ಕೂತಳು.

"ಈಗ ತೆಗೀರಿ."

"ಬ್ಯಾಡ ಅಂದ್ಯಲ್ಲ" ಅಂದೆ.

"ಕದೀಬ್ಯಾಡ ಅಂದೆ. ತೆಗೀಬ್ಯಾಡ ಅಂದ್ನಾ? ಕೇಳಾಕೆ ಬರಲ್ಲ ನಿನಗೆ. ಸಣ್ಣೋಳಿದ್ದಾಗ್ಲೂ ಬೆಲ್ಲ ಕೇಳ್ತಿರ್ಲಿಲ್ಲ, ಕದ್ದು ತಿಂತಿದ್ದೆ."

ಮೊಮ್ಮಗಳು ಎದುರಿಗೆ ಕೂತು ಕಿಂಡಿಗೆ ಕಣ್ಣಿಟ್ಟಳು. "ದೊಡ್ಡಜ್ಜಿ, ಸ್ವಲ್ಪ ಎಡಕ್ಕೆ ತಿರುಗ್ತೀರಾ? ಆ ಕಣ್ಣು ಕಾಣಲ್ಲ ಆಗ" ಅಂದಳು.

"ಯಾಕೆ ಕಾಣಬಾರ್ದು? ಕುರುಡಾದ್ರೂ ನಂದೇ ಅಲ್ವೇನೇ? ಎರಡೂ ಬರ್ಲಿ."

ಆಗ ಹೊಸ ಕ್ಯಾಮೆರಾದ ಬುದ್ಧಿವಂತಿಕೆ ನೋಡಬೇಕಿತ್ತು. ಅಕ್ಕ ಎಷ್ಟೇ ನೆಟ್ಟಗೆ ಕೂತರೂ ಎಡಭಾಗ ಸ್ವಲ್ಪ ಮುಂದೆ ಬರುತ್ತದೆ, ಉಳಿದ ಕಣ್ಣಿಗೂ ಏನಾದರೂ ತಾಗೀತೆಂದು ಅದನ್ನು ಹಿಂದಿಟ್ಟುಕೊಂಡು ಕೂರುವುದು ಅವಳಿಗೆ ಅಭ್ಯಾಸವಾಗಿದೆ. ಆ ಚೌಕ ಹತ್ತಿರವಿದ್ದ ಬಿಳಿ ಕಣ್ಣಿನ ಮೇಲೆ ಹೋಗಿ ಕೂತಿತು. ಯಾವುದು ಹತ್ತಿರವೋ ಅದು ಅದಕ್ಕೆ ಕಣ್ಣು. ನೋಡುವ ಕಣ್ಣು ಯಾವುದು ಎಂದು ಅದಕ್ಕೇನು ಗೊತ್ತು? ಮೊಮ್ಮಗಳು ಏನೋ ಗುಂಡಿ ಒತ್ತಿ ಅದನ್ನು ಎಬ್ಬಿಸಿ ಬಲಗಣ್ಣಿಗೆ ಕಳಿಸಿದಳು. ಹೇಳಿದ ಮೇಲೆ ಕೇಳಿತು. ಮಕ್ಕಳಿಗಿಂತ ವಾಸಿ.

ಅಕ್ಕ ಕೂತೇ ಇದ್ದಳು. ಮಂಡಿಯ ಮೇಲೆ ಕೈ, ಕುತ್ತಿಗೆ ನೆಟ್ಟಗೆ, ತುಟಿ ಬಿಗಿ. ಟಕ್ ಎಂಬ ಸದ್ದಿಗೆ ಕಾಯುತ್ತಿದ್ದಳು. ಈ ಸಲ ಮುಚ್ಚಬಾರದು ಎಂದು ರೆಪ್ಪೆಯನ್ನು ಹಟದಿಂದ ಹಿಡಿದುಕೊಂಡಿದ್ದು ನನಗೆ ಕಾಣುತ್ತಿತ್ತು. ಸದ್ದು ಬರಲಿಲ್ಲ. ಇನ್ನೂ ಕಾದಳು.

"ಹೊಡೀರೇ ಬ್ಯಾಗ. ಕಣ್ಣಾಗೆ ನೀರು ಬರ್ತೈತೆ."

"ಆಗ್ಲೇ ಆಯ್ತು ದೊಡ್ಡಜ್ಜಿ. ನಲವತ್ತು ತೆಗೆದೀನಿ."

"ನಲವತ್ತಾ? ಇಷ್ಟೊತ್ತು ಸುಮ್ನೆ ಕಣ್ಣು ಬಿಟ್ಕಂಡು ಕುಂತಿದ್ನಾ ನಾನು!"

ನಲವತ್ತರಲ್ಲೂ ಕಣ್ಣು ಬಿಟ್ಟಿತ್ತು.

ಒಂದನ್ನು ಆರಿಸಿ, ಪರದೆಯ ಮೇಲೆ ಬೆರಳಿನಿಂದ ಹಿಗ್ಗಿಸಿ ಬರೀ ಕಣ್ಣು ಕಾಣುವ ಹಾಗೆ ಮಾಡಿಸಿದೆ. ಪರದೆ ತುಂಬ ಕಣ್ಣು. ಎಷ್ಟೋ ವರ್ಷದಿಂದ ಕೇಳಬೇಕೆಂದು ಕಾದಿದ್ದ ಮಾತನ್ನು ಕೇಳಿದೆ, "ಅಕ್ಕ, ಅವ್ವನ ಕಣ್ಣು ಹಿಂಗೇ ಇದ್ವು ಅಲ್ವಾ?"

ಅವಳು ಪರದೆಯನ್ನು ಮತ್ತೆ ಮೂಗಿನ ಹತ್ತಿರ ಹಿಡಿದಳು.

"ಗೊತ್ತಿಲ್ಲ ಕಣೇ" ಅಂದಳು.

"ಗೊತ್ತಿಲ್ಲ ಅಂದ್ರೆ? ನೀನೇ ಹೇಳ್ತಿದ್ದಲ್ಲ, ನನ್ನ ಕೂರಿಸ್ಕಂಡು?"

"ಹೇಳ್ತಿದ್ದೆ. ಆಗ ನೆನಪಿತ್ತು, ಹೇಳ್ದೆ. ಈಗ ಅವ್ವನ ನೆನಸ್ಕಂಡ್ರೆ ನನಗೂ ಆ ಬರ್ದ ಕಣ್ಣೇ ಬರ್ತವೆ. ಯಾವಾಗಿಂದ ಹಿಂಗಾತು ಅಂತಾನೂ ಗೊತ್ತಿಲ್ಲ."

"ಮತ್ತೆ ನಾನು ಇಷ್ಟು ವರ್ಷ..."

"ನೀನು ನೆನಪಿಟ್ಕಂಡಿದೀಯಲ್ಲ. ಅಷ್ಟೇ ಈಗ ಉಳಿದಿರೋದು. ನೀನು ಹೇಳಿದ್ರೆ ನಾನೂ ನಂಬ್ತೀನಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅವ್ವನ ಕಣ್ಣಿಗೆ ಸಾಕ್ಷಿ ಇವಳು ಎಂದುಕೊಂಡಿದ್ದೆ, ಇವಳು ನನ್ನನ್ನೇ ಸಾಕ್ಷಿ ಅನ್ನುತ್ತಾಳೆ. ನಾನು ನೋಡಿದ್ದು ಇವಳ ಕಣ್ಣನ್ನು ಮಾತ್ರ. ಎದ್ದು ಹೋಗಿ ಬಚ್ಚಲಿನಲ್ಲಿ ಮುಖ ತೊಳೆದು ಬಂದೆ.

ಬಂದಾಗ ಅಕ್ಕ ಇನ್ನೂ ಕಲ್ಲಿನ ಮೇಲೇ ಕೂತಿದ್ದಳು.

"ಏನೇ, ಆ ಹಳೇದು ಐತಾ, ಮಾರಿದ್ರಾ?"

"ಚೀಲದಾಗೈತೆ."

"ಅದ್ರಾಗೊಂದು ಹೊಡಿಸು. ಇದ್ರಾಗೆ ಮುಗೀತೋ ಇಲ್ವೋ ಗೊತ್ತಾಗಲ್ಲ. ಟಕ್ ಅಂದ್ರೆ ಎದ್ದು ಹೋಗ್ತೀನಿ."

ಮೊಮ್ಮಗಳು ಚೀಲದ ತಳದಿಂದ ಹಳೆಯದನ್ನು ತೆಗೆದಳು. ತಿಂಗಳಿಗೊಮ್ಮೆ ಅದರ ಬ್ಯಾಟರಿ ತುಂಬಿಸುವವಳು ನಾನು, ಆದ್ದರಿಂದ ಅದಕ್ಕೆ ಜೀವವಿತ್ತು. ಬಿಸಿಲು ನೆತ್ತಿಯಿಂದ ಸ್ವಲ್ಪ ವಾಲಿತ್ತು, ಪರದೆ ಕಪ್ಪು. ಅವಳು ನನ್ನ ಕಡೆ ನೋಡಿದಳು. ನಾನು ಸೆರಗು ಬಿಚ್ಚಿ ಹೊದಿಸಿ ನಿಂತೆ. ಈಗ ನನ್ನ ಬೆನ್ನು ಬಾಗಿ ಅವಳು ನನಗಿಂತ ಗೇಣುದ್ದ ಎತ್ತರ, ಬಗ್ಗಿ ಒಳಗೆ ಬರಬೇಕಾಯಿತು. ಒಳಗಿನಿಂದ, "ಅಜ್ಜಿ, ಈ ಸೀರೆ ತೆಳ್ಳಗೈತೆ, ಬೆಳಕು ಬರ್ತೈತೆ" ಎಂದು ಗೊಣಗಿದಳು. ಕೆಲಸ ಹೋದ ಮೇಲೆ ಇಳಕಲ್ ಸೀರೆ ಯಾತಕ್ಕೆ ಉಡಲಿ? ಎರಡು ಮಡಿಕೆ ಮಾಡಿ ಹಿಡಿದೆ.

ಕ್ಯಾಮೆರಾ ಮುಂದೆ ಹೋಯಿತು, ಹಿಂದೆ ಬಂತು. ಅಕ್ಕ ನಮ್ಮನ್ನು ನೋಡಿ, "ಇನ್ನೂ ಕರ ಹಾಕ್ಲಿಲ್ವೇನ್ರೇ ನಿಮ್ಮೆಮ್ಮೆ?" ಎಂದು ನಕ್ಕಳು. ಟಕ್. ಕಣ್ಣು ಮುಚ್ಚಿದಳು.

"ಹ್ಞಾಂ, ಮುಗೀತು" ಎಂದು ಎದ್ದು ಸೀರೆ ಬದಲಿಸಲು ಒಳಗೆ ಹೋದಳು.

ದುರ್ಗಕ್ಕೆ ಬಂದು ಎರಡನ್ನೂ ದೊಡ್ಡದಾಗಿ ಮಾಡಿಸಿದೆವು. ಕಣ್ಣು ಮುಚ್ಚಿ ನಗುತ್ತಿರುವುದು ಅಕ್ಕನಿಗೆ ಬೇಕಂತೆ, ಅವಳ ಮನೆಯಲ್ಲಿದೆ. ಅದು ತರಿತರಿಯಾಗಿದೆ, ಒಂದು ಮೂಲೆಯಲ್ಲಿ ನನ್ನ ಸೆರಗಿನ ಅಂಚೂ ಬಂದಿದೆ. ಕಣ್ಣು ಬಿಟ್ಟದ್ದು ನಮ್ಮ ಮನೆಯಲ್ಲಿ, ಅವ್ವನ ಪಕ್ಕದಲ್ಲಿ. ಮೊಳೆ ಹೊಡೆಯುವಾಗ ಮೊಮ್ಮಗಳು ಕೇಳಿದಳು, "ಅಜ್ಜಿ, ಕಂಪ್ಯೂಟರಲ್ಲಿ ದೊಡ್ಡಜ್ಜಿ ಕಣ್ಣು ತ್ಗೊಂಡು ಮುತ್ತಜ್ಜಿ ಫೋಟೋಕ್ಕೆ ಕೂರಿಸ್ಲಾ? ಅರ್ಧ ಗಂಟೆ ಕೆಲಸ. ಗೊತ್ತೇ ಆಗಲ್ಲ."

ಒಂದು ದಿನ ಪೂರ್ತಿ ಯೋಚನೆ ಮಾಡಿದೆ. ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಾರನೆಯ ದಿನ ಬೆಳಿಗ್ಗೆ, ಬೇಡ ಅಂದೆ. ಅವ್ವನನ್ನು ಕೇಳದೆ ಒಂದು ಸಲ ಬರೆದದ್ದೇ ಸಾಕು.

ಆಪರೇಷನ್ ಚೆನ್ನಾಗಿಯೇ ಆಯಿತು. ಹಲ್ಲು ಕೀಳಿಸಿದಷ್ಟೇ. ಎರಡು ತಿಂಗಳು ಬಿಟ್ಟು ಅಕ್ಕ ಮಗನ ಜೊತೆ ನಮ್ಮನೆಗೆ ಬಂದಳು. ಬಾಗಿಲಿನಲ್ಲಿ ನನ್ನನ್ನು ನೋಡಿ, "ಇಷ್ಟು ಮುದುಕಿ ಆಗಿದ್ಯಾ? ಮಬ್ಬಿದ್ದಾಗಲೇ ಚೆನ್ನಾಗಿದ್ದೆ" ಅಂದಳು. ಒಳಗೆ ಬಂದು ಗೋಡೆಯ ಮುಂದೆ ನಿಂತಳು. ತನ್ನ ಫೋಟೋವನ್ನು ಒಂದು ಗಳಿಗೆ ನೋಡಿ ಬಿಟ್ಟಳು. ಅವ್ವನದರ ಮುಂದೆ ಮಾತ್ರ, ಒಂದು ಕಣ್ಣಿನಿಂದ, ಬಹಳ ಹೊತ್ತು ನಿಂತಳು. ಹತ್ತಿರ ಹೋಗಿ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಪಾಪ, ಆ ಸೈಕಲ್ಲಿನೋನು ಕಣ್ಣು ಚೆನ್ನಾಗೇ ಬರ್ದವ್ನೆ ಬಿಡು" ಅಂದಳು.

ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಹೆದರಿಕೆಯೇನೂ ಆಗಲಿಲ್ಲ. ಮುದ್ದೆ ಆರಿಹೋಗುತ್ತೆ, ಬಾ ಅಂದೆ.